ಚೆನ್ನೈಗೆ ಹೋದ ಏರುಶ್ರುತಿಯ ಓಬೋ

ಸೆಂಟ್ರಲ್

ನನ್ನ ಹತ್ತಿರ ಪಾಸ್‌ಪೋರ್ಟ್ ಇಲ್ಲ. ಇದ್ದಿದ್ದರೂ ಈ ಮಂಡಿನೋವು ಕಟ್ಟಿಕೊಂಡು ಸಮುದ್ರ ದಾಟುವ ಉಮೇದು ನನಗಿಲ್ಲ. ಆದರೂ ಮೈಸೂರಿನಿಂದ ಒಂದು ರಾತ್ರಿಯ ರೈಲಿನಷ್ಟು ದೂರ ಹೋಗಿ ಬಂದದ್ದನ್ನು ವಿದೇಶ ಪ್ರವಾಸವೆಂದೇ ಬರೆಯುತ್ತಿದ್ದೇನೆ. ಆ ಎಂಟು ದಿನಗಳಲ್ಲಿ ನನ್ನ ಜೀವವೆಲ್ಲ ಇದ್ದದ್ದು ಜರ್ಮನ್ ಮನುಷ್ಯನೊಬ್ಬ ಇಟಾಲಿಯನ್ ಪದಗಳಲ್ಲಿ ಬೈಯುವ, ಅವನು ಕೈಯೆತ್ತಿದರೆ ಐವತ್ತು ಜನ ತೆಪ್ಪಗಾಗುವ ಒಂದು ಸಭಾಂಗಣದಲ್ಲಿ. ಅಲ್ಲಿಂದ ಹೊರಗೆ ಬಿದ್ದರೆ ತಮಿಳು. ಅದೂ ನನಗೆ ಬಾರದು. ಒಂದು ಪರದೇಶದೊಳಗೆ ಇನ್ನೊಂದು ಪರದೇಶ. ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ, ಅಷ್ಟೇ.

ಹೋದದ್ದು ಏಕೆಂದು ಮೊದಲು ಹೇಳಿಬಿಡಬೇಕು. ಓಬೋ ಎಂಬುದು ನಮ್ಮ ಓಲಗದ ದೂರದ ನೆಂಟ. ಕಪ್ಪು ಮರದ ಕೊಳವೆ, ಮೈತುಂಬ ಬೆಳ್ಳಿಬಣ್ಣದ ಕೀಲಿಗಳು, ಬಾಯಲ್ಲಿಟ್ಟು ಊದುವುದಕ್ಕೆ ಎರಡು ಎಸಳಿನ ಒಂದು ಪುಟ್ಟ ಪೀಪಿ. ನಮ್ಮಪ್ಪ ಸಂಸ್ಥಾನದ ಕಾಲದ ಇಂಗ್ಲಿಷ್ ಬ್ಯಾಂಡಿನಲ್ಲಿ ಇದನ್ನು ನುಡಿಸುತ್ತಿದ್ದರು. ಬ್ಯಾಂಡು ಚದುರಿಹೋದ ಮೇಲೆ ವಾದ್ಯ ಅವರ ಬಳಿಯೇ ಉಳಿಯಿತು, ಅವರು ಹೋದ ಮೇಲೆ ನನ್ನ ಬಳಿ ಉಳಿಯಿತು. ನಾನು ಹಗಲು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತ, ಸಂಜೆ ಹಿತ್ತಲ ಕೋಣೆಯಲ್ಲಿ ಕೂತು ನಲವತ್ತು ವರ್ಷ ಒಬ್ಬನೇ ಊದಿದೆ. ಆರ್ಕೆಸ್ಟ್ರಾದ ಸಂಗೀತವನ್ನು ಒಬ್ಬನೇ ನುಡಿಸುವುದೆಂದರೆ ನಾಟಕದಲ್ಲಿ ಒಂದೇ ಪಾತ್ರದ ಮಾತನ್ನು ಕಂಠಪಾಠ ಮಾಡಿ ಗೋಡೆಗೆ ಒಪ್ಪಿಸಿದ ಹಾಗೆ. ಎದುರಿನವರು ಏನು ಹೇಳುತ್ತಾರೆಂದು ಗೊತ್ತೇ ಆಗುವುದಿಲ್ಲ. ನಿವೃತ್ತಿಯಾದ ಮೇಲೆ ನನಗೆ ಉಳಿದದ್ದು ಒಂದೇ ಆಸೆ: ಅಪ್ಪನ ಓಬೋ ಒಂದು ಸಲ ತುಂಬಿದ ಆರ್ಕೆಸ್ಟ್ರಾದ ನಡುವೆ ಕೂರಬೇಕು, ಅಪ್ಪ ಕಲಿಸಿದ್ದನ್ನು ಅಲ್ಲಿ ನುಡಿಸಬೇಕು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಚೆನ್ನೈಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಸೀನು ಫೋನು ಮಾಡಿದ. ಅಲ್ಲಿಯ ಹವ್ಯಾಸಿಗಳ ಆರ್ಕೆಸ್ಟ್ರಾ ಒಂದು ಕಛೇರಿ ಕೊಡಲಿದೆ, ಎರಡು ಸಿಂಫನಿಗಳು, ಅಂದರೆ ಹಲವು ಭಾಗಗಳ ದೊಡ್ಡ ಕೃತಿಗಳು, ಒಂದು ಹದಿನೆಂಟನೆಯ ಶತಮಾನದ್ದು, ಇನ್ನೊಂದು ಅದರ ನಂತರದ್ದು, ಅವರಲ್ಲಿ ಓಬೋ ನುಡಿಸುತ್ತಿದ್ದ ವಿದೇಶಿ ಹೆಂಗಸು ತನ್ನ ದೇಶಕ್ಕೆ ಹೊರಟುಹೋಗಿದ್ದಾಳೆ, ನೀನು ಬರುತ್ತೀಯಾ ಎಂದು ಕೇಳಿದ. ಎರಡನೆಯ ಸಿಂಫನಿಯ ನಿಧಾನದ ಭಾಗದಲ್ಲಿ ಓಬೋ ಒಂದೇ ಹಾಡುವ ಒಂದು ಜಾಗವಿದೆ. ಅಪ್ಪ ನನಗೆ ಮೊತ್ತಮೊದಲು ಕಲಿಸಿದ್ದು ಅದನ್ನೇ. ಕೃತಿಯ ಹೆಸರು ಬರೆದು ಓದುಗರನ್ನು ಹೆದರಿಸುವುದಿಲ್ಲ. ಸೀನು ಮಾತು ಮುಗಿಸುವ ಮೊದಲೇ ಬರುತ್ತೇನೆ ಎಂದೆ ಎಂದಷ್ಟೇ ಹೇಳುತ್ತೇನೆ.

ಬೆಳಿಗ್ಗೆ ಸೆಂಟ್ರಲಿನಲ್ಲಿ ಇಳಿದಾಗ ಆರೂವರೆ. ಆಗಲೇ ಅಂಗಿ ಬೆನ್ನಿಗಂಟಿತ್ತು. ಮೈಸೂರಿನಲ್ಲಿ ಬೆವರುವುದಕ್ಕೆ ಏನಾದರೂ ಕೆಲಸ ಮಾಡಬೇಕು, ಚೆನ್ನೈಯಲ್ಲಿ ನಿಂತರೆ ಸಾಕು. ಗೇಟಿನ ಬಳಿ ಪೊಲೀಸಿನವನೊಬ್ಬ ನನ್ನ ಕರಿ ಪೆಟ್ಟಿಗೆಯನ್ನು ನೋಡಿ ತೆರೆಯಿರೆಂದು ಸನ್ನೆ ಮಾಡಿದ. ಮೂರು ತುಂಡಾಗಿ ಮಲಗಿದ್ದ ಓಬೋವನ್ನು ನೋಡಿ ಅವನಿಗೆ ಮೊದಲು ಬಂದೂಕಿನ ನೆನಪಾಯಿತೇನೋ, ಆಮೇಲೆ ಪೀಪಿ ಕಂಡು ಮುಖ ಸಡಿಲಿಸಿ, 'ನಾಯನಮಾ?' ಎಂದ. ಹಾಗೆಂದರೆ ನಾದಸ್ವರವೇ ಎಂದು ಕೇಳಿದ್ದೆಂದು ಆಮೇಲೆ ತಿಳಿಯಿತು. ಊದಿ ತೋರಿಸಬೇಕಾಯಿತು. ನೀರಿನಲ್ಲಿ ನೆನೆಸದೆ ಊದಿದ ಪೀಪಿ ಬಾತುಕೋಳಿಯ ಹಾಗೆ ಅರಚಿತು. ಆ ಮನುಷ್ಯ ನನ್ನನ್ನು ತುಂಬ ಕರುಣೆಯಿಂದ ಹೋಗಲು ಬಿಟ್ಟ.

ವೆಸ್ಟ್ ಮಾಂಬಳಂ

ಸೀನುವಿನ ಮನೆತನ ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದೆ. ಮನೆಯೊಳಗೆ ಕನ್ನಡ, ಆದರೆ ಅರ್ಧ ಸಾಮಾನು ತಮಿಳಿನದ್ದು. ನಮ್ಮ ಚಿಕ್ಕಮ್ಮನಿಗೆ ಎಂಬತ್ತು ದಾಟಿದೆ. ಮಡಿ ಮಾತ್ರ ಒಂದಿಷ್ಟೂ ಸಡಿಲವಾಗಿಲ್ಲ. ನಾನು ಕಾಲು ತೊಳೆದು ಒಳಗೆ ಬಂದರೂ ಪೆಟ್ಟಿಗೆ ಒಳಗೆ ಬರಲಿಲ್ಲ. ಬಾಯಿಗಿಟ್ಟು ಊದುವ ವಾದ್ಯ ಎಂಜಲು, ಅದು ಚಪ್ಪಲಿ ಗೂಡಿನ ಪಕ್ಕವೇ ಇರಲಿ ಎಂದು ತೀರ್ಪಾಯಿತು. ಊರಿನಲ್ಲಿ ನಮ್ಮಜ್ಜಿಯೂ ಅಪ್ಪನಿಗೆ ಇದೇ ಶಿಕ್ಷೆ ಕೊಟ್ಟಿದ್ದರು. ಸಂಗೀತ ಎಷ್ಟು ದೊಡ್ಡದಾದರೂ ಉಗುಳು ಉಗುಳೇ.

ಆ ಮನೆಯ ದಿನಚರಿ ನಡೆಯುವುದು ನೀರಿನ ಲಾರಿಯ ಮೇಲೆ. ಅದು ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿಲ್ಲ, ಬಂದ ಕೂಡಲೇ ಬೀದಿಗೆ ಬೀದಿಯೇ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡ ಹಿಡಿದು ಓಡುತ್ತದೆ. ಬಂದ ದಿನವೇ ನಾನೂ ನಾಲ್ಕು ಕೊಡ ಹೊತ್ತೆ. ಕಾವೇರಿ ಕುಡಿದು ಬೆಳೆದವನು ಎಂದು ಸೀನು ನನ್ನನ್ನು ಸಾಲಿನಲ್ಲಿ ಪರಿಚಯ ಮಾಡಿಕೊಟ್ಟ. ಆ ಕಾಲದಲ್ಲಿ ಅದು ಅಂಥ ಒಳ್ಳೆಯ ಪರಿಚಯವೇನೂ ಅಲ್ಲ. ಸಾಲಿನಲ್ಲಿದ್ದವರು ನನ್ನ ಕೊಡವನ್ನೇ ನೋಡಿದರು.

ಸೀನುವಿನ ಮಗಳು ವಿದ್ಯಾ ಶಾಲೆಯೊಂದರಲ್ಲಿ ಸಂಗೀತದ ಟೀಚರು. ಇಪ್ಪತ್ತಾರು ವರ್ಷ, ಮಾತು ಕಡಿಮೆ. ಕನ್ನಡದಲ್ಲಿ ಏನು ಕೇಳಿದರೂ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಅವಳೂ ಆ ಆರ್ಕೆಸ್ಟ್ರಾದಲ್ಲಿದ್ದಾಳೆ, ಅವಳೇ ನನ್ನ ಹೆಸರು ಹೇಳಿದ್ದು ಎಂದು ಸೀನು ತಿಳಿಸಿದ. ಅಲ್ಲಿ ನೀನೇನು ನುಡಿಸುತ್ತೀಯಮ್ಮ ಎಂದು ಕೇಳಿದೆ. ಬೇಕಾದ್ದನ್ನೆಲ್ಲ ಎಂದು ನಕ್ಕಳು. ಇನ್ನೂ ಕೆದಕಬೇಕಿತ್ತು. ಸುಸ್ತಾಗಿತ್ತು, ಬಿಟ್ಟೆ.

ಸಂಜೆ ತಾರಸಿಯ ಮೇಲೆ ಅರ್ಧ ಗಂಟೆ ಅಭ್ಯಾಸ ಮಾಡಿದೆ. ಕೆಳಗಿಳಿದು ಬಂದಾಗ ಪಕ್ಕದ ಮನೆಯ ಮಾಮಿ ಬಾಗಿಲಲ್ಲಿ ನಿಂತು ಸೀನುವಿನ ಹೆಂಡತಿಯನ್ನು ವಿಚಾರಿಸುತ್ತಿದ್ದರು, ಸೀನು ನನಗೆ ಕನ್ನಡದಲ್ಲಿ ಹೇಳಿದ. ವಿದ್ಯಾಳ ಮದುವೆ ನಿಶ್ಚಯವಾಯಿತೇ, ನಮಗೆ ಒಂದು ಮಾತೂ ಹೇಳಲಿಲ್ಲವಲ್ಲ, ಮೇಳದವರು ಆಗಲೇ ಬಂದಿದ್ದಾರಲ್ಲ ಎಂದು.

ಎಗ್ಮೂರು

ಅಭ್ಯಾಸ ನಡೆಯುತ್ತಿದ್ದದ್ದು ಎಗ್ಮೂರಿನ ಒಂದು ಹಳೆಯ ಸಭಾಂಗಣದಲ್ಲಿ. ಎತ್ತರದ ಸೂರು, ಉದ್ದ ಕೋಲಿನ ಫ್ಯಾನುಗಳು. ಫ್ಯಾನು ಹಾಕಿದರೆ ಸ್ವರಲಿಪಿಯ ಹಾಳೆ ಹಾರುತ್ತದೆ, ಹಾಕದಿದ್ದರೆ ಜನ ಬೇಯುತ್ತಾರೆ. ಇದಕ್ಕೆ ಚೆನ್ನೈಯವರು ಕಂಡುಕೊಂಡ ಉಪಾಯ ಬಟ್ಟೆ ಒಣಹಾಕುವ ಕ್ಲಿಪ್ಪು. ಪ್ರತಿಯೊಬ್ಬರ ಸ್ಟ್ಯಾಂಡಿನ ಮೇಲೂ ನಾಲ್ಕು ಕ್ಲಿಪ್ಪುಗಳು. ಹಾಳೆ ತಿರುಗಿಸುವ ಜಾಗ ಬಂದಾಗ ಸಿಂಫನಿಯ ಮಧ್ಯೆ ಐವತ್ತು ಕ್ಲಿಪ್ಪುಗಳ ಟಿಕಟಿಕ ಕೇಳುತ್ತದೆ. ಜರ್ಮನಿಯಿಂದ ಆರು ತಿಂಗಳಿಗೆಂದು ಬಂದಿದ್ದ, ಎದುರು ನಿಂತು ಕೈಸನ್ನೆಯಲ್ಲಿ ಎಲ್ಲರನ್ನೂ ನುಡಿಸುವ ಕಂಡಕ್ಟರು ಮೊದಮೊದಲು ಸಿಟ್ಟಾಗುತ್ತಿದ್ದರಂತೆ. ನಾನು ಹೋಗುವ ಹೊತ್ತಿಗೆ ಹೆಗಲ ಮೇಲೊಂದು ಟವೆಲು ಹಾಕಿಕೊಂಡು ಅದಕ್ಕೂ ಒಗ್ಗಿದ್ದರು.

ಪಿಟೀಲಿನವರಲ್ಲಿ ಅರ್ಧ ಜನ ವಡಪಳನಿಯ ಸಿನಿಮಾ ಸ್ಟುಡಿಯೋಗಳವರು. ಸ್ವರಲಿಪಿಯನ್ನು ಕಂಡ ಕೂಡಲೇ ನುಡಿಸಬಲ್ಲರು, ಅಂಥ ಓದು ನಾನು ಎಲ್ಲೂ ನೋಡಿಲ್ಲ. ಆದರೆ ಜೀವಮಾನವಿಡೀ ಅರ್ಧ ನಿಮಿಷದ ತುಣುಕುಗಳನ್ನು ನುಡಿಸಿದವರು. ಒಂದು ತಪ್ಪಾಯಿತೆಂದರೆ ಕಮಾನು ಇಳಿಸಿ, ಮತ್ತೊಂದು ಟೇಕ್ ಕೊಡುತ್ತಾರೆಂದು ತಲೆಯೆತ್ತಿ ನೋಡುತ್ತಾರೆ. ನಲವತ್ತು ನಿಮಿಷ ನಿಲ್ಲದೆ ಹರಿಯುವ ಸಂಗೀತದಲ್ಲಿ ಎರಡನೆಯ ಟೇಕ್ ಇರುವುದಿಲ್ಲ ಎಂಬುದು ಅವರ ತಲೆಗೆ ಗೊತ್ತು, ಕೈಗೆ ಇನ್ನೂ ಗೊತ್ತಾಗಿರಲಿಲ್ಲ. ಅವರಲ್ಲಿ ಮುಂದಿನ ಸಾಲಿನ ಸುಂದರರಾಜು ಎಂಬವರು ನನ್ನ ವಯಸ್ಸಿನವರು, ಮೂಲ ಕೋಲಾರದ ಕಡೆ. ನನ್ನನ್ನು ಕನ್ನಡದಲ್ಲಿ ಮಾತಾಡಿಸಿ ಕುರ್ಚಿ ತೋರಿಸಿದರು.

ಆ ಕುರ್ಚಿಯ ಪಕ್ಕ ಒಂದು ಕೀಬೋರ್ಡು. ಅದರ ಹಿಂದೆ ವಿದ್ಯಾ. ಆ ವಿದೇಶಿ ಹೆಂಗಸು ಹೋದಂದಿನಿಂದ ಓಬೋದ ಭಾಗವನ್ನೆಲ್ಲ, ನನ್ನ ಆ ಜಾಗವನ್ನೂ ಸೇರಿಸಿ, ಓಬೋ ದನಿಯ ಗುಂಡಿ ಒತ್ತಿಕೊಂಡು ನುಡಿಸುತ್ತಿದ್ದವಳು ಅವಳೇ. ನಾನು ಬಂದದ್ದರಿಂದ ಅವಳಿಗೆ ಕೆಲಸವಿಲ್ಲ. ಕೀಬೋರ್ಡಿನ ಮೇಲೆ ಬಟ್ಟೆ ಮುಚ್ಚಿ ಎದ್ದು, ಎಲ್ಲರಿಗೂ ಹಾಳೆ ಹಂಚುತ್ತ ಓಡಾಡಿದಳು. ನನಗೆ ಮುಳ್ಳು ಚುಚ್ಚಿದ ಹಾಗಾಯಿತು. ಆದರೆ ಸುಳ್ಳು ಹೇಳುವುದೇಕೆ, ಎದ್ದು ಕುರ್ಚಿ ಬಿಟ್ಟುಕೊಡುವಷ್ಟು ಚುಚ್ಚಲಿಲ್ಲ.

ನಮ್ಮಲ್ಲಿ ಹಾಡುವವರು ಯಾರೋ ಅವರ ಕಂಠ ನೋಡಿ ಶ್ರುತಿ ಇಟ್ಟುಕೊಳ್ಳುತ್ತೇವೆ. ಪಾಶ್ಚಾತ್ಯರಲ್ಲಿ ಹಾಗಿಲ್ಲ. ಲೋಕಕ್ಕೆಲ್ಲ ಒಂದೇ ಶ್ರುತಿ. ಶುರುವಿಗೆ ಮುನ್ನ ಓಬೋದವನು 'ಎ' ಎಂಬ ಸ್ವರವನ್ನು ಉದ್ದಕ್ಕೆ ಊದಬೇಕು, ಉಳಿದವರೆಲ್ಲ ಅದಕ್ಕೆ ತಮ್ಮ ವಾದ್ಯ ಸೇರಿಸಿಕೊಳ್ಳಬೇಕು. ಇದು ಸಂಪ್ರದಾಯ. ಕಂಡಕ್ಟರು ನನ್ನ ಕಡೆ ಕೈ ಚಾಚಿ, ಇನ್ನು ಮೇಲೆ ನಮಗೆ ನಿಜವಾದ ಎ ಸಿಗುತ್ತದೆ ಎಂದರು. ನಲವತ್ತು ವರ್ಷ ಇದಕ್ಕಾಗಿ ಕಾದಿದ್ದೆ. ಊದಿದೆ.

ಪಿಟೀಲಿನವರ ಹುಬ್ಬು ಮೇಲೇರಿತು. ಕಂಡಕ್ಟರು ಕೈಯಿಂದ ಸ್ವಲ್ಪ ಇಳಿಸಿ ಎಂದರು. ಇಳಿಸಲು ಆಗಲಿಲ್ಲ. ಹೊಸಬ, ಹೆದರಿದ್ದಾನೆ ಎಂದುಕೊಂಡರೋ ಏನೋ, ನಕ್ಕು ಬಿಟ್ಟರು. ತಂತಿಯವರೆಲ್ಲ ಬಿರಡೆ ತಿರುಗಿಸಿ ನನ್ನ ಸ್ವರಕ್ಕೆ ಏರಿದರು. ಸಂಗೀತ ಶುರುವಾಯಿತು. ತಂತಿ ಮತ್ತು ನಾನು, ಏನು ಸೊಗಸು. ಹನ್ನೆರಡು ಎಣಿಕೆಯಾದ ಮೇಲೆ ಕೊಳಲಿನವರೂ ಕ್ಲಾರಿನೆಟ್ಟಿನವರೂ ಬಂದು ಸೇರಿದರು. ಕಾದ ಹಾಲಿಗೆ ನಿಂಬೆಹಣ್ಣು ಬಿದ್ದಿತು.

ಕಂಡಕ್ಟರು ನಿಲ್ಲಿಸಿ ಕೊಳಲಿನ ಹುಡುಗಿಯನ್ನು ಗದರಿಸಿದರು. ಅವಳು ಕೊಳಲನ್ನು ಒತ್ತಿ ಗಿಡ್ಡ ಮಾಡಿದಳು. ಆಗಲೂ ಸೇರಲಿಲ್ಲ. ಕ್ಲಾರಿನೆಟ್ಟಿನವನಿಗೂ ಮಂಗಳಾರತಿಯಾಯಿತು. ಹುಡುಗಿಯ ಕಣ್ಣಲ್ಲಿ ನೀರು ಬಂತು. ಅಷ್ಟು ಹೊತ್ತೂ ನಾನು, ಪಾಪ ಕಲಿಯುವ ಮಕ್ಕಳು ಎಂದುಕೊಂಡು ದೊಡ್ಡ ಮನುಷ್ಯನ ಹಾಗೆ ಕೂತಿದ್ದೆ. ಕೊನೆಗೆ ಯಾರೋ ಶ್ರುತಿ ತೋರಿಸುವ ಪುಟ್ಟ ಯಂತ್ರ ತಂದರು. ಕೊಳಲನ್ನು ಮೊದಲಿನ ಉದ್ದಕ್ಕೆ ಎಳೆದು ಊದಿದಾಗ ಯಂತ್ರದ ಮುಳ್ಳು ನಟ್ಟನಡುವೆ ನಿಂತಿತು. ಕ್ಲಾರಿನೆಟ್ಟಿಗೂ ನಿಂತಿತು. ನನ್ನ ಮುಂದೆ ಹಿಡಿದರು. ಮುಳ್ಳು ಬಲಗಡೆಯ, ಶ್ರುತಿ ಏರು ಎನ್ನುವ ತುದಿಗೆ ಹೋಗಿ ಒರಗಿಕೊಂಡಿತು.

ಯಂತ್ರವೇ ಕೆಟ್ಟಿರಬೇಕೆಂದು ನಾನು ಜೇಬಿನಿಂದ ಅಪ್ಪನ ಶ್ರುತಿಕವೆ ತೆಗೆದೆ, ಬಡಿದರೆ ಎ ಸ್ವರವೊಂದನ್ನೇ ಕೊಡುವ ಕವಲುಕಡ್ಡಿ. ಬ್ಯಾಂಡಿನ ಕಾಲದ್ದು, ಉಕ್ಕಿನದ್ದು, ಸುಳ್ಳು ಹೇಳುವ ವಸ್ತುವಲ್ಲ. ಮೊಣಕಾಲಿಗೆ ಬಡಿದು ಹಿಡಿದೆ. ಮುಳ್ಳು ಮತ್ತೆ ಬಲಕ್ಕೇ ಹೋಯಿತು.

ಆಗ ಕಂಡಕ್ಟರು ಹತ್ತಿರ ಬಂದು ಓಬೋವನ್ನು ಕೈಗೆ ತೆಗೆದುಕೊಂಡು, ಮೇಲೆ ಕೊರೆದಿದ್ದ ಅಕ್ಷರಗಳನ್ನು ಓದಿ, ಕನ್ನಡಕ ತೆಗೆದರು. ಹಿಂದೆ ಬ್ರಿಟಿಷರ ಸೈನ್ಯದ ಬ್ಯಾಂಡುಗಳ ಶ್ರುತಿ ಈಗಿನದಕ್ಕಿಂತ ಏರು ಇತ್ತಂತೆ. ಹೆಚ್ಚೇನಲ್ಲ, ಅರ್ಧ ಸ್ವರದಲ್ಲಿ ಅರ್ಧ. ಆ ಲೆಕ್ಕಕ್ಕೇ ಕೊರೆದ ವಾದ್ಯಗಳನ್ನು ಅವರು ಎಲ್ಲ ಕಡೆಗೂ ಕಳಿಸಿದ್ದರಂತೆ. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಇವತ್ತೇ ಎಂದು ನನ್ನನ್ನೂ ವಾದ್ಯವನ್ನೂ ಒಂದೇ ಬಗೆಯ ಕುತೂಹಲದಿಂದ ನೋಡಿದರು. ಅಪ್ಪನದು ತಪ್ಪಲ್ಲ. ಅವರ ಬ್ಯಾಂಡಿಗೆ ಬ್ಯಾಂಡೇ ಆ ಶ್ರುತಿಯಲ್ಲಿತ್ತು. ಅವರೆಲ್ಲ ಹೋದರು, ಇದೊಂದು ಉಳಿಯಿತು.

ನಾಚಿಕೆಯಿಂದ ಒಂದು ವಿಷಯ ಹೇಳಬೇಕು. ಈ ಕೃತಿಗಳ ಕ್ಯಾಸೆಟ್ಟು ತರಿಸಿಕೊಂಡು ಅದರ ಜೊತೆ ನುಡಿಸಲು ನಾನು ಮೈಸೂರಿನಲ್ಲೇ ನೋಡಿದ್ದೆ. ಸೇರಿರಲಿಲ್ಲ. ಟೇಪ್ ರೆಕಾರ್ಡರು ನಿಧಾನ ಓಡುತ್ತಿದೆ ಎಂದು ರಿಪೇರಿಯವನ ಬಳಿ ಒಯ್ದಿದ್ದೆ. ಅವನು ಎರಡು ಸಲ, ಸರಿಯಾಗಿದೆ ಮೇಷ್ಟ್ರೇ ಎಂದ. ಮೂರನೆಯ ಸಲ ನನ್ನ ಕಾಟ ತಡೆಯದೆ ಮೋಟಾರಿನ ತಿರುಪು ತಿರುಗಿಸಿ ವೇಗ ಹೆಚ್ಚಿಸಿಕೊಟ್ಟ. ಆಮೇಲೆ ಎಲ್ಲ ಚೆನ್ನಾಗಿ ಸೇರಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನೇ ಅಗೆಸಿದ್ದೆ.

ತಂತಿಯವರು ನನಗಾಗಿ ಏರಬಹುದು, ಊದುವವರು ಅಷ್ಟು ಏರಲಾರರು. ಬೇರೆ ಓಬೋ ಇಡೀ ಊರಿನಲ್ಲಿ ಇರಲಿಲ್ಲ, ಇದ್ದಿದ್ದರೆ ನನ್ನನ್ನೇಕೆ ಕರೆಸುತ್ತಿದ್ದರು. ಕಛೇರಿ ಭಾನುವಾರ. ಗುರುವಾರದ ಅಭ್ಯಾಸದೊಳಗೆ ಏನಾದರೂ ಮಾಡಿ ಶ್ರುತಿ ಇಳಿಸಿದರೆ ಸರಿ, ಇಲ್ಲವಾದರೆ ಕೀಬೋರ್ಡೇ ಗತಿ ಎಂದು ಕಂಡಕ್ಟರು ಮೆದುವಾಗಿ ಹೇಳಿದರು. ವಿದ್ಯಾ ಕೀಬೋರ್ಡಿನ ಬಟ್ಟೆ ತೆಗೆಯಲಿಲ್ಲ. ಅವತ್ತು ನನ್ನ ಭಾಗವನ್ನು ಯಾರೂ ನುಡಿಸಲಿಲ್ಲ.

ಪ್ಯಾರೀಸ್ ಕಾರ್ನರ್

ಕೊಳವೆ ಉದ್ದವಾದರೆ ಶ್ರುತಿ ಇಳಿಯುತ್ತದೆ. ಇದು ಯಾವ ಗಣಿತದ ಮೇಷ್ಟರಿಗೂ ಗೊತ್ತು. ಓಬೋದ ಮರವನ್ನು ಎಳೆದು ಉದ್ದ ಮಾಡಲಾಗದು, ಆದರೆ ಪೀಪಿ ಕಟ್ಟುವ ಪುಟ್ಟ ಹಿತ್ತಾಳೆಯ ನಳಿಕೆಯನ್ನು ಉದ್ದ ಮಾಡಬಹುದು. ನಾದಸ್ವರದವರು ದಿನವೂ ಮಾಡುವ ಕೆಲಸ ಅದು ಎಂದು ಸುಂದರರಾಜು ಧೈರ್ಯ ಕೊಟ್ಟು, ಮಾರನೆಯ ಬೆಳಿಗ್ಗೆ ನನ್ನನ್ನು ಪ್ಯಾರೀಸ್ ಕಾರ್ನರಿಗೆ ಕರೆದುಕೊಂಡು ಹೋದರು.

ಪ್ಯಾರೀಸ್ ಕಾರ್ನರಿನಲ್ಲಿ ಒಂದು ಎಂಬ ಸಂಖ್ಯೆ ಇಲ್ಲ. ಒಂದು ಬೀದಿಯಲ್ಲಿ ಬರೀ ಬೀಗ, ಒಂದರಲ್ಲಿ ಬರೀ ಹಗ್ಗ, ಒಂದರಲ್ಲಿ ಬರೀ ಬಳೆ, ಎಲ್ಲವೂ ಮೂಟೆಯ ಲೆಕ್ಕ. ಹಿತ್ತಾಳೆ ಕೊಳವೆಯ ಅಂಗಡಿಯವನಿಗೆ ಬೆರಳುದ್ದದ ತುಂಡು ಬೇಕೆಂದಾಗ ಅವನು ಎಷ್ಟು ಕಿಲೋ ಎಂದ. ಮತ್ತೆ ಬೆರಳು ತೋರಿಸಿದೆ. ಅವನೂ ಬೆರಳು ತೋರಿಸಿದ, ಬೀದಿಯ ಆ ತುದಿಯ ಕಡೆಗೆ. ಮೂರು ಅಂಗಡಿಗಳಲ್ಲಿ ಹೀಗೇ ಆಯಿತು. ತಳ್ಳುಗಾಡಿಯೊಂದು ನನ್ನ ಪಾದದ ಮೇಲೆ ಹತ್ತಿ ಇಳಿಯಿತು. ಗಾಡಿಯವನು ಬೈದದ್ದೂ ನನ್ನನ್ನೇ. ಮೈಸೂರಿನಲ್ಲಿ ಗುದ್ದಿದವನು ನಿಂತು ಕ್ಷೇಮ ವಿಚಾರಿಸುತ್ತಾನೆ, ಅದರಿಂದ ಎರಡು ಪಟ್ಟು ಹೊತ್ತು ಹಾಳು. ಇಲ್ಲಿ ಆ ತೊಂದರೆ ಇಲ್ಲ.

ಬಿಸಿಲಿಗೆ ತಲೆ ಸುತ್ತಿ ಒಂದು ಜಗಲಿಯ ಮೇಲೆ ಕೂತೆ. ನನಗೆ ಊರಿಗೆ ಹೋಗಬೇಕೆನಿಸಿತು, ಅಳು ಬಂದಹಾಗೆಯೂ ಆಯಿತು. ಸುಂದರರಾಜು ಎದುರಿನ ಹಳೆಯ ರೇಡಿಯೋ ಸಾಮಾನಿನ ಅಂಗಡಿಯನ್ನೇ ನೋಡುತ್ತಿದ್ದವರು ಎದ್ದುಹೋಗಿ, ಮುರಿದ ಟ್ರಾನ್ಸಿಸ್ಟರಿನ ಏರಿಯಲ್ಲು ಹಿಡಿದುಕೊಂಡು ಬಂದರು. ಎಳೆದರು. ಒಂದರೊಳಗೊಂದು ಇದ್ದ ಹಿತ್ತಾಳೆಯ ಆರು ಕೊಳವೆಗಳು, ದಪ್ಪದಿಂದ ಸಣ್ಣಕ್ಕೆ ಹೊರಬಂದವು. ಮೂರನೆಯದು ನಮ್ಮ ಅಳತೆ. ಮೂವತ್ತು ವರ್ಷ ಸಿನಿಮಾದಲ್ಲಿದ್ದವರ ಬುದ್ಧಿ ಅದು, ಇರುವುದರಲ್ಲಿ ಇಲ್ಲದ್ದನ್ನು ಮಾಡಿಕೊಳ್ಳುವುದು.

ವಡಪಳನಿ

ಸುಂದರರಾಜುವಿನ ಮನೆ ಮುರುಗನ ಗುಡಿಯ ಹಿಂದಿನ ಓಣಿಯಲ್ಲಿ. ಎರಡು ಕೋಣೆ, ಗೋಡೆಯ ಮೇಲೆ ಮೂರು ಪಿಟೀಲು. ಅವುಗಳಲ್ಲಿ ಎರಡಕ್ಕೆ ತಂತಿಯಿಲ್ಲ. ಮೊದಲೆಲ್ಲ ಒಂದು ಹಾಡಿಗೆ ಮೂವತ್ತು ಪಿಟೀಲು ಕೂರುತ್ತಿದ್ದವು, ಈಗ ಕೀಬೋರ್ಡಿನವನೊಬ್ಬ ಬಂದು ಮೂವತ್ತು ಜನರ ಗುಂಡಿ ಒತ್ತುತ್ತಾನೆ ಎಂದು ಅವರು ಕಾಫಿ ಕೊಡುತ್ತ ಹೇಳಿದರು. ದೂರಿನ ದನಿಯಿರಲಿಲ್ಲ. ನೀರಿನ ಲಾರಿ ಇವತ್ತು ಬರಲಿಲ್ಲ ಎನ್ನುವ ದನಿಯಿತ್ತು.

ಟ್ರಾನ್ಸಿಸ್ಟರಿನ ಆ ತುಂಡನ್ನು ಅರದಲ್ಲಿ ಉಜ್ಜಿ, ದಾರ ಸುತ್ತಿ, ಮೇಣ ಮೆತ್ತಿ, ಪೀಪಿ ಕಟ್ಟಿದೆವು. ಎರಡು ದಿನ ಅದೇ ಕೆಲಸ. ಬುಧವಾರ ಮಧ್ಯಾಹ್ನ ಊದಿದಾಗ ಯಂತ್ರದ ಮುಳ್ಳು ನಿಧಾನವಾಗಿ ಬಂದು ನಡುವೆ ನಿಂತಿತು. ಎ ಸರಿಯಾಗಿತ್ತು. ಸುಂದರರಾಜುವಿನ ಹೆಂಡತಿ ಅಡುಗೆಮನೆಯಿಂದ ಇಣುಕಿ ಕೈಮುಗಿದರು.

ಅದರ ಮೇಲಿನ ಸ್ವರ ಊದಿದೆ. ಮುಳ್ಳು ಎಡಕ್ಕೆ ಬಿದ್ದಿತು. ಕೆಳಗಿನದನ್ನು ಊದಿದೆ. ಬಲಕ್ಕೆ ಹೋಯಿತು. ನಾನು ಗಣಿತದವನು, ಆ ಕ್ಷಣದಲ್ಲೇ ಅರ್ಥವಾಯಿತು. ಮೇಲಿನ ಸ್ವರಗಳಿಗೆ ಕೊಳವೆ ಗಿಡ್ಡ, ಅಲ್ಲಿ ಬೆರಳಗಲ ಸೇರಿಸಿದರೆ ಬಹಳ ಇಳಿಯುತ್ತದೆ. ಕೆಳಗಿನವಕ್ಕೆ ಕೊಳವೆ ಉದ್ದ, ಅಷ್ಟೇ ಸೇರಿಸಿದರೆ ಸಾಕಾಗುವುದಿಲ್ಲ. ಒಂದು ಸ್ವರ ಮಾತ್ರ ನೆಟ್ಟಗೆ, ಉಳಿದವೆಲ್ಲ ಸೊಟ್ಟಗೆ. ಎಷ್ಟು ಅರ ಉಜ್ಜಿದರೂ ಅಷ್ಟೇ. ಎರಡು ದಿನ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಿದ್ದೆವು.

ಸುಂದರರಾಜು ಗೋಡೆಯಿಂದ ಪಿಟೀಲು ಇಳಿಸಿದರು. ಹಳೆಯ ಪೀಪಿ ಹಾಕಿ ಎ ಕೊ‍ಡಿ ಎಂದರು. ಕೊಟ್ಟೆ. ನಾಲ್ಕೂ ತಂತಿಗಳನ್ನು ನನ್ನ ಏರುಶ್ರುತಿಗೆ ಏರಿಸಿಕೊಂಡರು. ಆಮೇಲೆ ಆ ನಿಧಾನದ ಭಾಗದಲ್ಲಿ ನನ್ನ ಕೆಳಗೆ ಬರಬೇಕಾದ ತಂತಿಯ ಸ್ವರಗಳನ್ನು ಶುರು ಮಾಡಿ, ನನ್ನ ಕಡೆ ಕಣ್ಣು ಮಾಡಿದರು. ನಾನು ನುಡಿಸಿದೆ. ಆ ಜಾಗದಲ್ಲಿ ನನ್ನ ಪಾತ್ರಕ್ಕೆ ಎದುರು ಮಾತು ಹೇಳಿದವರು ಅವರೇ ಮೊದಲಿಗರು. ಕ್ಯಾಸೆಟ್ಟಿನಲ್ಲಿ ಅದು ಬರೀ ಗೊರಗೊರ ಸದ್ದಾಗಿತ್ತು, ಕೆಳಗೆ ಅಂಥದ್ದೊಂದು ನಡೆಯುತ್ತಿರುತ್ತದೆಂದು ನಲವತ್ತು ವರ್ಷ ನನಗೆ ಗೊತ್ತೇ ಇರಲಿಲ್ಲ. ಮುಗಿದ ಮೇಲೆ ಅವರು ಕಮಾನಿನ ತಿರುಪು ಸಡಿಲಿಸಿದರು.

'ನೀವೂ ತಪ್ಪಾ ನುಡಿಸ್ತಾ ಇಲ್ಲ, ವಾದ್ಯಾನೂ ತಪ್ಪಿಲ್ಲ ಸಾರ್,' ಎಂದರು ಸುಂದರರಾಜು, ಕನ್ನಡದ ನಡುವೆ ತಮಿಳು ಬೆರೆಸಿ. 'ನಾನೊಬ್ಬ ಅಂದ್ರೆ ಏರ್ಕೊಂಡು ಬಂದ್ಬಿಡ್ತೀನಿ. ಆನಾ ಐವತ್ತು ಪೇರ್‌ನ ಏರ್ಸಕ್ಕಾಗಲ್ಲ. ನಾಳೆ ನೀವೇ ಸೊಲ್ಲಿಬಿಡಿ, ಅವರ ಬಾಯಿಂದ ಬರೋದು ಬೇಡ.'

ಮತ್ತೆ ಮಾಂಬಳಂ

ಗುರುವಾರ ನಾನೇ ಹೇಳಿದೆ. ಕಂಡಕ್ಟರು ನನ್ನ ಕೈ ಹಿಡಿದುಕೊಂಡರು. ಅವರಿಗೆ ಒಂದು ಯೋಚನೆ ಬಂತು: ಉದ್ದ ನಳಿಕೆಯಲ್ಲಿ ಎ ಸರಿಯಿದೆಯಲ್ಲ, ಭಾನುವಾರ ಓಬೋದ ಕುರ್ಚಿಯಲ್ಲಿ ಕೂತು ಅದೊಂದು ಸ್ವರ ಕೊಡಿ, ಇಡೀ ಆರ್ಕೆಸ್ಟ್ರಾ ನಿಮಗೆ ಸೇರಿಕೊಳ್ಳಲಿ. ಗೌರವಕ್ಕೆಂದೇ ಹೇಳಿದ್ದು. ನನಗೆ ಮಾತ್ರ ಮದುವೆಗೆ ಕರೆದು ಎಲೆ ಹಾಕದೆ ಅಕ್ಷತೆ ಕೊಟ್ಟ ಹಾಗೆ ಅನಿಸಿತು. ಬೇಡವೆಂದೆ. ಒಂದು ಸ್ವರಕ್ಕಾಗಿ ಆ ವಾದ್ಯಕ್ಕೆ ಟ್ರಾನ್ಸಿಸ್ಟರಿನ ಮೂಗು ಅಂಟಿಸಿ ಜನರ ಮುಂದೆ ಕೂರಲು ನನಗೆ ಮನಸ್ಸಾಗಲಿಲ್ಲ.

ವಿದ್ಯಾ ಮತ್ತೆ ಕೀಬೋರ್ಡಿಗೆ ಕೂತಳು. ಅವಳ ಬೆರಳು ಚೊಕ್ಕಟ, ತಾಳ ಚೊಕ್ಕಟ. ಆದರೆ ನನ್ನ ಆ ಜಾಗ ಬಂದಾಗ ಸ್ವರಗಳು ನಲ್ಲಿಯ ನೀರಿನ ಹಾಗೆ ಎಲ್ಲೂ ನಿಲ್ಲದೆ ಸುರಿದವು. ನಾನು ಹಿಂದಿನ ಬೆಂಚಿನಲ್ಲಿ ಕೂತು ಅವಳು ಎಲ್ಲಾದರೂ ತಪ್ಪುತ್ತಾಳೇನೋ ಎಂದು ಕಾದೆ. ಹೊಟ್ಟೆಕಿಚ್ಚೇ ಅದು, ಬೇರೆ ಹೆಸರಿಲ್ಲ.

ಶುಕ್ರವಾರ ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಸೀನು ಎರಡು ಸಲ ಹವೆಯ ಬಗ್ಗೆ ಮಾತಾಡಿದ. ನಾನು ಶನಿವಾರದ ರೈಲಿಗೇ ಹೊರಡುತ್ತೇನೆಂದೆ. ಚಿಕ್ಕಮ್ಮ ಮಾತ್ರ ಒಳಗಿನಿಂದ, 'ಅಷ್ಟು ದೂರದಿಂದ ಬಂದು ಹುಡುಗಿ ಕಛೇರಿ ಕೇಳದೆ ಹೋಗ್ತೀಯೇನೋ, ನಾಚಿಕೆ ಆಗಲ್ವೇ' ಎಂದರು. ಆಗಬೇಕಾದಷ್ಟು ಆಗಿತ್ತು.

ಸಂಜೆ ವಿದ್ಯಾ ತಾರಸಿಗೆ ಬಂದಳು. ಕೈಯಲ್ಲಿ ಸ್ವರಲಿಪಿಯ ಹಾಳೆ, ಒಂದು ಪೆನ್ಸಿಲು. ನನ್ನ ಪಕ್ಕ ಕೂತು ಹಾಳೆಯನ್ನು ನನ್ನ ಮಡಿಲಿಗಿಟ್ಟಳು. ಆಮೇಲೆ ಕನ್ನಡದಲ್ಲಿ, ಒಂದೊಂದೇ ಪದ ಎತ್ತಿಡುತ್ತ ಕೇಳಿದಳು.

'ದೊಡ್ಡಪ್ಪ, ಇದರಲ್ಲಿ ಎಲ್ಲೆಲ್ಲಿ ಉಸಿರು ತಗೋಬೇಕು?'

ನಿನ್ನ ಯಂತ್ರಕ್ಕೆ ಉಸಿರು ಯಾಕಮ್ಮ ಎಂದೆ. ಒರಟಾಗಿಯೇ ಎಂದೆ. ಅವಳು ಏಳಲಿಲ್ಲ. ಅದಕ್ಕೇ ಅದು ಸತ್ತ ಹಾಗೆ ಕೇಳುತ್ತದೆ, ಗುರುವಾರ ನಿಮ್ಮ ಮುಖ ನೋಡಿದೆ ಎಂದು ತಮಿಳಿನಲ್ಲಿ ಹೇಳಿದಳು. ಅದಿಷ್ಟು ನನಗೆ ಅರ್ಥವಾಯಿತು.

ಚಪ್ಪಲಿ ಗೂಡಿನ ಬಳಿಯಿಂದ ಪೆಟ್ಟಿಗೆ ತಂದು, ಓಬೋ ಜೋಡಿಸಿ ಅವಳಿಗೆ ನುಡಿಸಿ ತೋರಿಸಿದೆ. ಅಚ್ಚಾದ ಹಾಳೆಯಲ್ಲಿ ಕೊನೆಯ ಏರಿಕೆಯವರೆಗೆ ಒಂದೇ ಗೆರೆ ಎಳೆದಿದ್ದಾರೆ, ಉಸಿರು ಮುರಿಯಬಾರದೆಂದು ಅದರ ಅರ್ಥ. ಅಪ್ಪ ಅಲ್ಲಿ ಮುರಿಯುತ್ತಿದ್ದರು. ಏರುವುದಕ್ಕೆ ಒಂದು ಸ್ವರ ಮುಂಚೆ ನಿಂತು, ಕೇಳುವವರಿಗೆ ಇವರು ಇನ್ನು ನುಡಿಸುವುದಿಲ್ಲವೇನೋ ಅನಿಸುವಷ್ಟು ಹೊತ್ತು ನಿಂತು, ಉಸಿರೆಳೆದು ಹೋಗುತ್ತಿದ್ದರು. ಬ್ಯಾಂಡು ಮಾಸ್ತರು ಒಪ್ಪುತ್ತಿರಲಿಲ್ಲವಂತೆ. ವಿದ್ಯಾ ಆ ಗೆರೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಅಲ್ಪವಿರಾಮ ಹಾಕಿಕೊಂಡಳು. ಎಷ್ಟು ಹೊತ್ತು ನಿಲ್ಲಬೇಕು ಎಂದು ಕೇಳಿದಳು. ನನಗೆ ಎಣಿಸಲು ಬರಲಿಲ್ಲ. ಗೊತ್ತಿಲ್ಲಮ್ಮ, ಎಂದೂ ಎಣಿಸಿಲ್ಲ ಎಂದೆ.

ಕಛೇರಿ

ಭಾನುವಾರ ಸಂಜೆ, ಕಛೇರಿಗೆಂದು ಹಿಡಿದಿದ್ದ ಬೇರೆ ಸಭಾಂಗಣ ಮುಕ್ಕಾಲು ತುಂಬಿತ್ತು. ಏಸಿ ಹಾಕಿದ್ದರಿಂದ ಆರ್ಕೆಸ್ಟ್ರಾದವರೆಲ್ಲ ಮೊದಲ ಸಲ ಒಣಗಿದ ಮುಖದಲ್ಲಿ ಕಂಡರು. ಕ್ಲಿಪ್ಪುಗಳನ್ನು ಮಾತ್ರ ತಂದಿದ್ದರು, ಅಭ್ಯಾಸ ಬಲ. ಅಪ್ಪನ ಓಬೋವನ್ನು ಮನೆಯಲ್ಲೇ ಬಿಟ್ಟಿದ್ದೆ. ನಾನು ವೇದಿಕೆಯ ಮೇಲಿದ್ದೆ, ವಿದ್ಯಾಳ ಎಡಗಡೆ, ಹಾಳೆ ತಿರುಗಿಸುವವನಾಗಿ. ಹಾಗೆ ಕೂರಿ ಎಂದು ಕೇಳಿಕೊಂಡದ್ದು ಅವಳು. ಆ ಕೆಲಸಕ್ಕಾದರೂ ಈ ಊರಿಗೆ ನಾನು ಬೇಕಾದೆನಲ್ಲ ಎಂದುಕೊಂಡು ಒಪ್ಪಿದ್ದೆ. ಎ ಕೊಟ್ಟದ್ದು ಕೀಬೋರ್ಡು.

ಮೊದಲನೆಯ ಸಿಂಫನಿಯ ಪ್ರತಿ ಭಾಗ ಮುಗಿದಾಗಲೂ ಜನ ಚಪ್ಪಾಳೆ ತಟ್ಟಿದರು. ಪಾಶ್ಚಾತ್ಯರಲ್ಲಿ ಅದು ಅಪಚಾರವಂತೆ. ನಮ್ಮವರು ಚೆನ್ನಾಗಿದ್ದರೆ ಸುಮ್ಮನಿರಲಾರರು. ಸುಂದರರಾಜು ಎರಡು ಕಡೆ ತಪ್ಪಿದರು, ತಲೆಯೆತ್ತಲಿಲ್ಲ, ಮುಂದೆ ಹೋದರು.

ಎರಡನೆಯದರ ನಿಧಾನದ ಭಾಗ ಬಂತು. ತಂತಿಗಳು ವಡಪಳನಿಯ ಕೋಣೆಯಲ್ಲಿ ಕೇಳಿದ್ದ ಆ ಸ್ವರಗಳನ್ನು ಶುರುಮಾಡಿದವು. ಅಲ್ಲಿ ಒಂದು ಪಿಟೀಲಿದ್ದದ್ದು ಇಲ್ಲಿ ಇಪ್ಪತ್ತು. ವಿದ್ಯಾಳ ಬೆರಳು ಕೆಳಗಿಳಿಯಿತು. ನನಗೆ ಹಾಳೆಯ ಮೇಲಿನ ಸ್ವರಗಳು ಕಾಣಿಸುತ್ತಿರಲಿಲ್ಲ, ಕಣ್ಣು ಮಂಜಾಗಿತ್ತು, ಬೇಕೂ ಇರಲಿಲ್ಲ. ಎದೆ ತಾನಾಗಿಯೇ ಅದರ ಜೊತೆ ನಡೆಯುತ್ತಿತ್ತು. ಆ ಗೆರೆಯ ಜಾಗ ಬಂದಾಗ ನನ್ನ ಉಸಿರು ನಿಂತಿತು. ಅವಳ ಕೈಯೂ ನಿಂತಿತು. ಕಂಡಕ್ಟರು ತಿರುಗಿ ನೋಡಿದರು. ಇಪ್ಪತ್ತು ಕಮಾನುಗಳು ಅಂಚಿನಲ್ಲಿ ಕಾದವು. ಎಷ್ಟು ಹೊತ್ತೋ ನನಗೆ ತಿಳಿಯದು, ಮುದುಕನಿಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು, ಪಕ್ಕದ ಸಾಲಿಗೆ ಕೇಳುವಷ್ಟು ಸದ್ದಾಗಿ ನಾನು ಉಸಿರೆಳೆದೆ.

ವಿದ್ಯಾ ಅದನ್ನೇ ಕಾಯುತ್ತಿದ್ದಳು. ಉಸಿರು ಎದೆಗೆ ಮುಟ್ಟಿದ ಮೇಲೆ ಅವಳು ಏರಿದಳು.